ಜಾಬ್ ನಂಬರ್ ಇಲ್ಲದ ರಿಪೇರಿ: ಗಾರ್ಲಿಕ್ ಬ್ರೆಡ್

ವಿಜಯಪುರದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು, ಮಿಕ್ಸರ್, ಕೂಲರ್ ಫ್ಯಾನು, ಸುಟ್ಟದ್ದೆಲ್ಲ ನನ್ನ ಮೇಜಿಗೆ ಬರುತ್ತದೆ. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಬಂದಾಗ ಏನಾಗಿತ್ತು, ಏನು ಅಳೆದೆ, ಏನು ಬದಲಿಸಿದೆ, ಅಷ್ಟೇ ಬರೆಯೋದು. ಈ ಮೇ ತಿಂಗಳಲ್ಲಿ ಅದೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಗಾರ್ಲಿಕ್ ಬ್ರೆಡ್ ಬಂದು ಕೂತಿದೆ. ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮನೆಯ ವಾಸ್ತುಶಾಂತಿಗೆ ಯಾರೋ ಕೊಟ್ಟ ಏರ್ ಫ್ರೈಯರ್ ಒಂದು ವರ್ಷ ಡಬ್ಬಿ ಬಿಚ್ಚದೆ ಅಟ್ಟದ ಮೇಲಿತ್ತು. 4 ಲೀಟರಿನದು, 1400 ವ್ಯಾಟ್. ಟಚ್ ಗಿಚ್ ಏನೂ ಇಲ್ಲ, ತಿರುಗಿಸುವ ಎರಡು ಗುಂಡಿ: ಒಂದು ಉಷ್ಣತೆಗೆ, ಒಂದು ಟೈಮಿಗೆ. ಹಾಸ್ಟೆಲ್‌ನಿಂದ ಸೂಟಿಗೆ ಬಂದ ಮಗಳು ಅದನ್ನು ಕೆಳಗಿಳಿಸಿದಳು. ಜೊತೆಗೆ ಗಾಂಧಿ ಚೌಕದ ಕಡೆಯಿಂದ ಒಂದು ಫ್ರೋಜನ್ ಗಾರ್ಲಿಕ್ ಬ್ರೆಡ್ ಪಾಕೀಟು ತಂದಳು. ಉದ್ದನೆಯ ಬ್ರೆಡ್ಡು, ಅಡ್ಡಡ್ಡ ಸೀಳಿ, ಸೀಳುಗಳಲ್ಲಿ ಬೆಣ್ಣೆ, ಬೆಳ್ಳುಳ್ಳಿ, ಕೊತ್ತಂಬರಿ ತುಂಬಿದ್ದು.

ಏರ್ ಫ್ರೈಯರ್ ಅಂತ ಹೆಸರಿದ್ದರೂ ಅದರಲ್ಲಿ ಕರಿಯುವುದೇನೂ ನಡೆಯಲ್ಲ. ಮೇಲೆ ಒಂದು ಹೀಟರ್ ಕಾಯಿಲ್, ಅದರ ಮೇಲೆ ಒಂದು ಫ್ಯಾನು. ಬಿಸಿ ಗಾಳಿ ಜೋರಾಗಿ ಕೆಳಗೆ ಬಡಿದು, ಬುಟ್ಟಿಯ ಸುತ್ತ ತಿರುಗಿ ಮತ್ತೆ ಮೇಲೆ ಹೋಗುತ್ತದೆ. ಫಿಲಿಪ್ಸ್ ಕಂಪನಿ 2010ರಲ್ಲಿ ಈ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ನನ್ನ ಕಣ್ಣಿಗೆ ಅದು ಹೇರ್ ಡ್ರೈಯರ್ ಮೇಲೆ ಪಾತ್ರೆ ಬೋರಲು ಹಾಕಿದ ಹಾಗೆ ಕಾಣುತ್ತದೆ. ಬೈದು ಹೇಳುತ್ತಿಲ್ಲ. ಗಾಳಿ ಓಡಾಡಿದಷ್ಟೂ ಶಾಖ ಬೇಗ ಒಳಗೆ ಹೋಗುತ್ತದೆ, ಅದೇ ಅದರ ಗಮ್ಮತ್ತು. ಅದೇ ಅದರ ತಂಟೆ ಕೂಡ. ಮೇಲಿನ ಮೈಗೆ ಮಾತ್ರ ಬೇಗ.

ಮೊದಲ ತಪ್ಪು ಬ್ರೆಡ್ಡಿನದಲ್ಲ, ನನ್ನದು. ಫ್ರೈಯರಿಗೆ ದಪ್ಪ ಪಿನ್ನಿನ 16 ಆಂಪ್ ಪ್ಲಗ್ ಇತ್ತು. ಅಡುಗೆಮನೆಯ ಪವರ್ ಪ್ಲಗ್ ಫ್ರಿಜ್ಜಿನ ಹಿಂದೆ ಸಿಕ್ಕಿಕೊಂಡಿತ್ತು. ಫ್ರಿಜ್ ಯಾರು ಸರಿಸಬೇಕು ಅಂತ ಕನ್ವರ್ಟರ್ ಹಾಕಿ ಮಿಕ್ಸರಿನ 6 ಆಂಪ್ ಪಾಯಿಂಟಿಗೆ ಚುಚ್ಚಿದೆ. 230 ವೋಲ್ಟಿಗೆ 6 ಆಂಪ್ ಅಂದರೆ 1380 ವ್ಯಾಟ್. ಯಂತ್ರ 1400. ಕಾಗದದ ಮೇಲೆ ಬರೀ 20 ವ್ಯಾಟ್ ಜಾಸ್ತಿ, ಆದರೆ ಸಡಿಲ ಕನ್ವರ್ಟರಿಗೆ ಆ ಲೆಕ್ಕ ಗೊತ್ತಿರಲ್ಲ. ಐದು ನಿಮಿಷಕ್ಕೆ ಕನ್ವರ್ಟರ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿತ್ತು. ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಹೆಂಡತಿ ಏನೂ ಅನ್ನಲಿಲ್ಲ, ಸುಮ್ನೆ ನೋಡಿದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಫ್ರಿಜ್ ಸರಿಸಿದೆ.

ಆ ಮೊದಲ ಸಲದ ಬ್ರೆಡ್ಡಿನ ಕಥೆ ಕೇಳಿ. ಪಾಕೀಟಿನ ಮೇಲೆ ಓವನ್ನಿಗೆ 200 ಡಿಗ್ರಿ ಅಂತ ಇತ್ತು. ಫ್ರೈಯರಿನ ಗುಂಡಿಯಲ್ಲೂ 200 ಇತ್ತು. ಅದಕ್ಕೇ ತಿರುಗಿಸಿದೆ. ಬ್ರೆಡ್ ಬುಟ್ಟಿಗಿಂತ ಉದ್ದ, ಹಾಗಾಗಿ ಅವ್ವನ ಈಳಿಗೆಯಲ್ಲಿ ಎರಡು ತುಂಡು ಮಾಡಿದೆ. ಕಲ್ಲಿನ ಹಾಗಿತ್ತು, ಕಬ್ಬು ಕಡಿದ ಸದ್ದು ಬಂತು. ಟೈಮ್ 10 ನಿಮಿಷ ಇಟ್ಟೆ. ಆರನೇ ನಿಮಿಷಕ್ಕೆ ಅವ್ವ ಪಡಸಾಲೆಯಿಂದ ಕೂಗಿದಳು.

“ಏ ತಮ್ಮಾ, ಒಗ್ಗರಣಿ ಹೊತ್ತೈತಿ ನೋಡೋ!”

ಒಗ್ಗರಣೆ ಇರಲಿಲ್ಲ, ಬೆಳ್ಳುಳ್ಳಿ ಇತ್ತು. ಹೊರಗೆ ಎಳೆದು ನೋಡಿದರೆ ಮೇಲೆ ಕಾಣುತ್ತಿದ್ದ ಬೆಳ್ಳುಳ್ಳಿ ಚೂರುಗಳೆಲ್ಲ ಸಾಸಿವೆಯಂತೆ ಕಪ್ಪು. ಸೀಳಿನ ಅಂಚುಗಳು ಇದ್ದಿಲು. ನಡುವಿನ ಸೀಳು ಬಿಡಿಸಿದೆ. ಬೆಣ್ಣೆ ಇನ್ನೂ ಹಳದಿ ಗಟ್ಟಿ, ಬೆರಳಿಟ್ಟರೆ ಜುಮ್ ಅನ್ನುವಷ್ಟು ತಣ್ಣಗೆ. ಮಗಳು ಒಂದು ಚೂರು ಬಾಯಿಗೆ ಹಾಕಿಕೊಂಡು, “ಅಪ್ಪಾ, ಹೊರಗ ಬ್ಯಾಸಗಿ, ಒಳಗ ಥಂಡಿ ಐತಿ” ಅಂದಳು.

ಬೆಳ್ಳುಳ್ಳಿಯಲ್ಲಿ ಸಕ್ಕರೆ ಜಾತಿಯ ಪದಾರ್ಥ ಜಾಸ್ತಿ. ಸಣ್ಣಗೆ ಹೆಚ್ಚಿದರೆ ಇದ್ದ ಸ್ವಲ್ಪ ನೀರೂ ಬೇಗ ಆರಿಹೋಗುತ್ತದೆ. ಆಮೇಲೆ ಕೆಂಪಾಗೋದಕ್ಕೂ ಕಪ್ಪಾಗೋದಕ್ಕೂ ನಡುವೆ ಅಂತರವೇ ಇರಲ್ಲ. ಕಪ್ಪಾಯಿತೆಂದರೆ ಕಹಿ. ಒಗ್ಗರಣೆ ಹಾಕುವ ಯಾರಿಗೂ ಇದು ಹೊಸದಲ್ಲ. ಆದರೆ ಡ್ರಾಯರ್ ಮುಚ್ಚಿದ ಡಬ್ಬಿಯೊಳಗೆ ಕಣ್ಣಿಗೆ ಕಾಣಲ್ಲವಲ್ಲ.

ಸುಟ್ಟ ಮೋಟಾರ್ ಬಂದರೆ ನಾನು ಮೊದಲು ತಂತಿ ಸುತ್ತಲ್ಲ, ಅಳೆಯುತ್ತೇನೆ. ಇದನ್ನೂ ಅಳೆಯೋಣ ಅನ್ನಿಸಿತು. ಮಲ್ಟಿಮೀಟರಿಗೆ ಸಿಕ್ಕಿಸಿ ಉಷ್ಣತೆ ಅಳೆಯುವ ಥರ್ಮೋಕಪಲ್ ವಯರ್ ಅಂಗಡಿಯಲ್ಲಿತ್ತು. ಬೇರಿಂಗ್ ಎಷ್ಟು ಕಾಯುತ್ತೆ ಅಂತ ನೋಡಲು ಇಟ್ಟದ್ದು.

“ಆ ಗ್ರೀಸ್ ಹತ್ತಿದ ವಾಯರ್ ತಿನ್ನೋ ಬ್ರೆಡ್ಡಿಗೆ ಚುಚ್ಚತೀರೇನ್ರಿ?” ಅಂತ ಹೆಂಡತಿ ಕೇಳಿದಳು. ಹೊಸದು ತಂದೆ. ತೊಳೆದು, ಎರಡನೇ ಪಾಕೀಟಿನ ಬ್ರೆಡ್ಡಿನ ಪಕ್ಕದಿಂದ ಮೊಳೆಯಲ್ಲಿ ತೂತು ಮಾಡಿ, ತುದಿ ಸರಿಯಾಗಿ ನಡುವಿಗೆ ಬರುವಂತೆ ತೂರಿಸಿದೆ. ವಯರ್ ತೆಳ್ಳಗಿರುವುದರಿಂದ ಡ್ರಾಯರ್ ಮುಚ್ಚಿಕೊಂಡಿತು. ಗುಂಡಿ 150ಕ್ಕೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್. ಮಗಳು ನಿಮಿಷ ಕೂಗೋದು, ನಾನು ಬರೆಯೋದು.

ಶುರುವಿನಲ್ಲಿ ಮೈನಸ್ 14. ಎರಡು ನಿಮಿಷಕ್ಕೆ ಮೈನಸ್ 8. ಮೂರಕ್ಕೆ ಮೈನಸ್ 5. ಆಹಾ ಓಡ್ತಾ ಇದೆ ಅಂದುಕೊಂಡೆ. ಅಲ್ಲಿಗೆ ನಿಂತಿತು. ನಾಲ್ಕಕ್ಕೆ ಮೈನಸ್ 4. ಐದಕ್ಕೆ ಮೈನಸ್ 3. ಆರಕ್ಕೆ ಮೈನಸ್ 2. ಮೀಟರ್ ಕೆಟ್ಟಿತೇ ಅಂತ ಕುಟ್ಟಿದೆ. ಏಳನೇ ನಿಮಿಷಕ್ಕೆ ಪ್ಲಸ್ 6, ಎಂಟಕ್ಕೆ 21, ಒಂಬತ್ತಕ್ಕೆ 40. ಹಗ್ಗ ಬಿಚ್ಚಿದ ಹೋರಿ ಓಡಿದ ಹಾಗೆ.

ಆ ಮೂರ್ನಾಲ್ಕು ನಿಮಿಷದ ನಿಲುಗಡೆಯೇ ಇಡೀ ರೋಗ. ಬ್ರೆಡ್ಡಿನೊಳಗಿನ ನೀರು ಮಂಜುಗಡ್ಡೆಯಾಗಿರುತ್ತದೆ. ಒಂದು ಗ್ರಾಂ ಮಂಜು ಬರೀ ಕರಗಲು 80 ಕ್ಯಾಲರಿ ಶಾಖ ಬೇಕು, ಉಷ್ಣತೆ ಒಂದು ಡಿಗ್ರಿಯೂ ಏರದೆ. ಅಷ್ಟೇ ಶಾಖದಲ್ಲಿ ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಬ್ರೆಡ್ಡಿನ ನೀರಿನಲ್ಲಿ ಉಪ್ಪು, ಸಕ್ಕರೆ ಇರುವುದರಿಂದ ಕರಗುವುದು ಸೊನ್ನೆಗಿಂತ ಕೆಳಗೇ ಶುರುವಾಗುತ್ತದೆ, ಅದಕ್ಕೇ ಮೈನಸ್ಸಿನಲ್ಲಿ ನಿಂತದ್ದು. ಒಳಗೆ ಮಂಜು ಕರಗುವ ಕೆಲಸ ನಡೆಯುವಾಗ ಹೊರಗೆ 200 ಡಿಗ್ರಿ ಗಾಳಿ ಬಡಿದರೆ ಬೆಳ್ಳುಳ್ಳಿ ಕಾಯುತ್ತಾ ಕೂರುತ್ತಾ? ಒಳಗಿನ ಮಂಜು ಕರಗುವವರೆಗೆ ಮೇಲಿನದು ಸುಡದಂತೆ ನೋಡಿಕೊಳ್ಳಬೇಕು. ಕೆಂಪು ಮಾಡೋದು ಆಮೇಲಿನ ಕೆಲಸ.

ಹಾಗಾಗಿ ಎರಡು ಹಂತ ಮಾಡಿದೆ. ಮೊದಲು 150ರಲ್ಲಿ 8 ನಿಮಿಷ, ಮೇಲೆ ಫಾಯಿಲ್ ಹೊದಿಸಿ. ಫಾಯಿಲ್ ಅಂಚನ್ನು ಬ್ರೆಡ್ಡಿನ ಅಡಿಗೆ ಬಿಗಿಯಾಗಿ ಮಡಚಬೇಕು, ಇಲ್ಲವಾದರೆ ಫ್ಯಾನು ಅದನ್ನು ಎತ್ತಿ ಕಾಯಿಲಿಗೆ ಅಂಟಿಸುತ್ತದೆ. ಆಮೇಲೆ ಫಾಯಿಲ್ ತೆಗೆದು, ಸೀಳುಗಳನ್ನು ಸ್ವಲ್ಪ ಅಗಲಿಸಿ, 180ರಲ್ಲಿ 3 ನಿಮಿಷ. ಎರಡೂವರೆಗೇ ಒಮ್ಮೆ ಎಳೆದು ನೋಡಬೇಕು. ಆ ಬ್ರೆಡ್ ತಿನ್ನುವ ಹಾಗಿತ್ತು. ಒಳಗೆ ಬೆಣ್ಣೆ ಪೂರ್ತಿ ಕರಗಿ ಬ್ರೆಡ್ಡಿಗೆ ಇಳಿದಿತ್ತು, ಮೇಲೆ ಜೇನಿನ ಬಣ್ಣ.

ಅವ್ವ ಅದನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಖಡಕ್ ರೊಟ್ಟಿ ಪರೀಕ್ಷೆ ಮಾಡೋದು ಅವಳು ಹಾಗೇ. ಸದ್ದಿಗೆ ತಲೆ ಆಡಿಸಿದಳು. ಆದರೆ ಉಳಿದದ್ದನ್ನು ಬಿಸಿ ಆರದಿರಲಿ ಅಂತ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದ್ದೆ. ಹತ್ತು ನಿಮಿಷಕ್ಕೆ ಮುಚ್ಚಳದಲ್ಲಿ ಹನಿ, ಬ್ರೆಡ್ ಚರ್ಮದಂತೆ ಮೆತ್ತಗೆ.

“ಬಿಸಿ ರೊಟ್ಟಿ ಯಾರರೆ ಡಬ್ಬ್ಯಾಗ ಮುಚ್ಚಿಡ್ತಾರೇನೋ ಖೋಡಿ” ಅಂತ ಅವ್ವ ರೊಟ್ಟಿ ಬುಟ್ಟಿ ತಂದಿಟ್ಟಳು. ಅಂದಿನಿಂದ ಬೆತ್ತದ ಬುಟ್ಟಿಯಲ್ಲೇ ಇಡುತ್ತೇವೆ. ಹಬೆ ಕೆಳಗಿನಿಂದಲೂ ಹೋಗುತ್ತದೆ, ಗರಿಗರಿ ಉಳಿಯುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತು ಅಂತ ಪುಟದ ಕೆಳಗೆ ಗೀಟು ಎಳೆದಿದ್ದೆ. ಎರಡು ದಿನ ಬಿಟ್ಟು ಸಂಜೆ ನೆಂಟರು ಬಂದರು. ಅದೇ ಬ್ರೆಡ್, ಅದೇ ಎರಡು ಹಂತ, ಅದೇ ನಿಮಿಷ. ಹೊರಗೆ ಬಂದದ್ದು ಬಿಳಿಚಿದ, ಬೆಣ್ಣೆ ಹೀರಿದ ಸ್ಪಂಜು. ನೆಂಟರು ಪಾಪ “ಛಲೋ ಆಗೇತ್ರಿ” ಅಂತ ತಿಂದರು. ಫ್ರಿಜ್ಜಿನ ಸ್ಟೆಬಿಲೈಸರ್ ಟಕ್ ಟಕ್ ಅನ್ನುತ್ತಿತ್ತು. ತಲೆ ಎತ್ತಿ ನೋಡಿದರೆ ಒಳಬರುವ ವೋಲ್ಟೇಜ್ 190.

ಮೇ ತಿಂಗಳ ಸಂಜೆ, ಓಣಿಯ ಕೂಲರ್ ಏಸಿ ಎಲ್ಲ ಒಟ್ಟಿಗೆ ಓಡುವ ಹೊತ್ತು. ಪಂಪ್ ಸುಟ್ಟುಕೊಂಡು ಬರುವ ರೈತರಿಗೆ ದಿನಾ ಹೇಳುವ ಮಾತು, ‘ವೋಲ್ಟೇಜ್ ನೋಡಿ ಚಾಲು ಮಾಡ್ರಿ.’ ಮನೆಯಲ್ಲಿ ಮರೆತಿದ್ದೆ. ಫ್ರೈಯರಿನ ಪ್ಲಗ್ ಕಿತ್ತು, ಡ್ರಾಯರ್ ಒಳಗೆ ತಳ್ಳಿ, ಟೈಮರ್ ತಿರುಗಿಸಿಟ್ಟು, ಪ್ಲಗ್ಗಿನ ಎರಡು ಪಿನ್ನಿಗೆ ಮೀಟರ್ ಹಿಡಿದೆ. ಕಾಯಿಲಿನ ರೆಸಿಸ್ಟೆನ್ಸ್ 38 ಓಮ್. (ಡ್ರಾಯರ್ ಹೊರಗಿದ್ದರೆ ಒಳಗಿನ ಸಣ್ಣ ಸ್ವಿಚ್ ಕಟ್ ಆಗಿರುತ್ತದೆ, ಏನೂ ತೋರಿಸಲ್ಲ. ಟಚ್ ಮಾದರಿಗಳಲ್ಲಿ ಹೀಗೆ ಅಳೆಯಲು ಬರಲ್ಲ, ನಡುವೆ ಕರೆಂಟ್ ಬಂದಾಗ ಮಾತ್ರ ಕೂಡುವ ಸ್ವಿಚ್, ಅಂದರೆ ರಿಲೇ, ಇರುತ್ತದೆ.) ವೋಲ್ಟೇಜನ್ನು ವೋಲ್ಟೇಜಿನಿಂದ ಗುಣಿಸಿ ಓಮಿನಿಂದ ಭಾಗಿಸಿದರೆ ವ್ಯಾಟ್. 230ಕ್ಕೆ ಸುಮಾರು 1400 ಬರುತ್ತದೆ. 190ಕ್ಕೆ ಬರುವುದು ಬರೀ 950. ವೋಲ್ಟೇಜ್ ಆರನೇ ಒಂದು ಭಾಗದಷ್ಟು ಇಳಿದರೆ ಶಾಖ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. ಫ್ಯಾನೂ ನಿಧಾನ. ಗುಂಡಿ 180 ಅಂತ ಹೇಳುತ್ತಲೇ ಇರುತ್ತದೆ, ಆದರೆ ತಣ್ಣನೆಯ ಬ್ರೆಡ್ ಹಾಕಿದ ಡಬ್ಬಿ 180 ಮುಟ್ಟುವಷ್ಟರಲ್ಲಿ ನಮ್ಮ ಮೂರು ನಿಮಿಷ ಮುಗಿದಿರುತ್ತದೆ.

ಈಗ ಸಂಜೆ ಮಾಡುವುದಾದರೆ ಮೊದಲ ಹಂತಕ್ಕೆ ಮೂರು ನಿಮಿಷ ಜಾಸ್ತಿ. ಎರಡನೇ ಹಂತಕ್ಕೆ ಮುಂಚೆ ಬ್ರೆಡ್ ಹೊರಗೆ ತೆಗೆದು, ಖಾಲಿ ಬುಟ್ಟಿಯನ್ನು 180ಕ್ಕೆ ನಾಲ್ಕು ನಿಮಿಷ ಕಾಯಿಸಿ, ಆಮೇಲೆ ಬ್ರೆಡ್. ಅಥವಾ ರಾತ್ರಿ ಒಂಬತ್ತೂವರೆ ಮೇಲೆ ಮಾಡಿ. ನಮ್ಮ ಓಣಿಯಲ್ಲಿ ಆಗ 215 ಇರುತ್ತದೆ. ಕರೆಂಟ್ ಬಿಲ್ಲಿನ ಚಿಂತೆ ಬೇಡ. ಬಿಡದೆ ಉರಿದರೂ 12 ನಿಮಿಷಕ್ಕೆ ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಟೈಮರಿನ ಒಂದು ವಿಷಯ ಹೇಳಿಬಿಡುತ್ತೇನೆ. ಈ ತಿರುಗಿಸುವ ಟೈಮರ್ ಒಳಗೆ ಸ್ಪ್ರಿಂಗ್ ಗಡಿಯಾರ. ನೇರ 3ಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಸರಿಯಾಗಿ ಬಿಗಿಯಾಗಲ್ಲ. ಸ್ಟಾಪ್‌ವಾಚ್ ಹಿಡಿದು ನೋಡಿದೆ: 3 ನಿಮಿಷ ಅಂದದ್ದು 2 ನಿಮಿಷ 10 ಸೆಕೆಂಡಿಗೆ ಟಿಣ್ ಅಂದಿತು. 15ರವರೆಗೆ ತಿರುಗಿಸಿ ಹಿಂದಕ್ಕೆ 3ಕ್ಕೆ ತಂದರೆ ಹತ್ತು ಸೆಕೆಂಡಿನಷ್ಟೇ ವ್ಯತ್ಯಾಸ. ಉಷ್ಣತೆಯ ಗುಂಡಿಯೂ ಹಾಗೇ. 180ಕ್ಕೆ ಇಟ್ಟಾಗ ಬುಟ್ಟಿಯೊಳಗಿನ ಗಾಳಿ 165ಕ್ಕೆ ಇಳಿದು 195ಕ್ಕೆ ಏರಿ ಆಟ ಆಡುತ್ತಿತ್ತು. ಬಿಸಿ ನೋಡಿ ಹೀಟರ್ ಆನ್ ಆಫ್ ಮಾಡುವ ಥರ್ಮೋಸ್ಟ್ಯಾಟ್ ಇರುವುದೇ ಹಾಗೆ, ಇಸ್ತ್ರಿ ಪೆಟ್ಟಿಗೆಯಲ್ಲೂ ಅದೇ ಕಥೆ. ಕೆಟ್ಟಿದೆ ಅಂತ ಯಾರೂ ನನ್ನ ಅಂಗಡಿಗೆ ತರಬೇಡಿ.

ಮೂರನೇ ಪಾಕೀಟು ಬೇರೆ ಪಾಠ ಕಲಿಸಿತು. ನಾನೇ ತರಲು ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ, ಹೊರಗೆ 41 ಡಿಗ್ರಿ. ಪಾಕೀಟನ್ನು ಸ್ಕೂಟರ್ ಡಿಕ್ಕಿಯಲ್ಲಿ ಹಾಕಿ, ದಾರಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನಲ್ಲಿ ತರಕಾರಿಗೆ ನಿಂತೆ. ಡಿಕ್ಕಿ ಅಂದರೆ ಕೆಳಗೆ ಎಂಜಿನ್ ಬಿಸಿ, ಮೇಲೆ ಸೀಟಿನ ಬಿಸಿ. ಅದೂ ಒಂಥರಾ ಏರ್ ಫ್ರೈಯರ್, ಫ್ಯಾನ್ ಇಲ್ಲ ಅಷ್ಟೇ. ಮನೆಗೆ ಬರುವಷ್ಟರಲ್ಲಿ ಬ್ರೆಡ್ ಬೆರಳಿಗೆ ಬಗ್ಗುತ್ತಿತ್ತು. ಅವತ್ತೇ ಮಾಡಿ ತಿನ್ನಬೇಕಿತ್ತು. ಮತ್ತೆ ಫ್ರೀಜರಿಗೆ ತಳ್ಳಿದೆ.

ಮನೆಯ ಫ್ರೀಜರ್ ನಿಧಾನ. ನಿಧಾನಕ್ಕೆ ಹೆಪ್ಪುಗಟ್ಟಿದರೆ ಮಂಜಿನ ಹರಳು ದೊಡ್ಡದಾಗುತ್ತದೆ, ದೊಡ್ಡ ಹರಳು ಬ್ರೆಡ್ಡಿನ ಎಳೆ ಹರಿಯುತ್ತದೆ. ನಾಲ್ಕು ದಿನ ಬಿಟ್ಟು ತೆಗೆದರೆ ಪಾಕೀಟಿನೊಳಗೆ ಬಿಳಿ ಹಿಮ, ಬೆಣ್ಣೆಯೆಲ್ಲ ಒಂದು ಮೂಲೆಗೆ ಹರಿದು ಗಟ್ಟಿ. ಬೇಯಿಸಿದಾಗ ಮೇಲಿನ ಮೈ ಒದ್ದೆ, ಅಂಚು ಮಾತ್ರ ಗಟ್ಟಿ ತೊಗಲು. ಒಂದು ಲಾಭ ಆಯಿತು. ಅಂಗಡಿಯಲ್ಲೇ ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಪಾಕೀಟು ಗುರುತಿಸೋದು ಹೇಗೆ ಅಂತ ಗೊತ್ತಾಯಿತು. ಅಲ್ಲಾಡಿಸಿದರೆ ಒಳಗೆ ಹಿಮ ಸದ್ದು ಮಾಡುತ್ತೆ, ಬೆಣ್ಣೆ ಒಂದೇ ಕಡೆ ಇರುತ್ತೆ, ಸೀಳುಗಳೆಲ್ಲ ಅಂಟಿ ಒಂದೇ ದಿಮ್ಮಿಯಾಗಿರುತ್ತೆ. ಅಂಥದ್ದು ಬೇಡ. ಈಗ ಬೆಳಗ್ಗೆ ಒಂಬತ್ತಕ್ಕೆ ಹೋಗಿ, ಎರಡು ಸುತ್ತು ಪೇಪರ್ ಸುತ್ತಿ, ಥರ್ಮಾಕೋಲ್ ಡಬ್ಬಿಯಲ್ಲಿ ಹಾಕಿ ನೇರ ಮನೆಗೆ ತರುತ್ತೇನೆ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲೂ ಇಡಬೇಡಿ. ಬ್ರೆಡ್ ಬೇಗ ಹಳಸಲಾಗಿ ಗಟ್ಟಿಯಾಗೋದು ಆ ನಡುವಿನ ತಂಪಿನಲ್ಲೇ.

ಹೊಗೆಯದೊಂದು ತಂಟೆ ಉಳಿದಿತ್ತು. ಬೆಣ್ಣೆ ಜಾಲರಿಯಿಂದ ಕೆಳಗೆ ತೊಟ್ಟಿಕ್ಕಿ, ಬಿಸಿ ತಳದಲ್ಲಿ ಸುಟ್ಟು, ಅಡುಗೆಮನೆ ತುಂಬ ಹೊಗೆ. ಬಟರ್ ಪೇಪರ್ ಹಾಸಿ ನೋಡಿದೆ. ಬ್ರೆಡ್ ಇಡುವ ಮೊದಲೇ ಖಾಲಿ ಬುಟ್ಟಿ ಕಾಯಿಸುವಾಗ ಹಾಸಿದ್ದು ನನ್ನ ದಡ್ಡತನ. ಪೇಪರ್ ಹಾರಿ ಕಾಯಿಲಿಗೆ ಬಡಿದು ಅರ್ಧ ಕಪ್ಪಾಯಿತು, ಪುಣ್ಯಕ್ಕೆ ಬೆಂಕಿ ಹತ್ತಲಿಲ್ಲ. ಪೇಪರ್ ಮೇಲೆ ಭಾರ ಇಲ್ಲದೆ ಫ್ಯಾನ್ ಚಾಲು ಮಾಡಲೇಬಾರದು. ಕೊನೆಗೆ ಸುಲಭದ ದಾರಿ ಸಿಕ್ಕಿತು. ಜಾಲರಿಯ ಕೆಳಗೆ ಹಳೆಯ ಬ್ರೆಡ್ಡಿನ ಎರಡು ಹೋಳು ಇಟ್ಟೆ. ಬಿದ್ದ ಬೆಣ್ಣೆಯೆಲ್ಲ ಅದು ಕುಡಿಯಿತು. ಹೊಗೆ ಇಲ್ಲ.

ಆ ಹೋಳನ್ನು ನಾಯಿಗೆ ಹಾಕಲು ತೆಗೆದಿಟ್ಟಿದ್ದೆ. ಅವ್ವ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಮತ್ತೊಂದು ಚೂರು. ಆಮೇಲೆ ತಟ್ಟೆ ತನ್ನ ಕಡೆ ಎಳೆದುಕೊಂಡಳು.

“ಮ್ಯಾಲಿಂದು ನೀವ ತಿನ್ನರಿ. ನನಗ ಇದ ಇರಲಿ.”

ತಿಂದು ನೋಡಿದೆ. ಬೆಳ್ಳುಳ್ಳಿ ಚೂರು ಇಲ್ಲ, ಬರೀ ಅದರ ಘಮ ಹತ್ತಿದ ಬೆಣ್ಣೆ. ನೇರ ಗಾಳಿ ಬಡಿಯದೆ ನಿಧಾನಕ್ಕೆ ಒಣಗಿ, ತಳ ಬಿಸ್ಕಿಟಿನಂತೆ ಗರಿ. ಪಾಕೀಟಿನ ಬ್ರೆಡ್ಡಿಗಿಂತ ಚೆನ್ನಾಗಿತ್ತು ಅಂತ ಹೇಳಲು ನನಗೇನೂ ನಾಚಿಕೆ ಇಲ್ಲ.

ಅಲ್ಲಿಂದ ಪಾಕೀಟು ಬಿಟ್ಟು ಬೇಕರಿಯ ಪಾವಿಗೆ ಬಂದೆವು. ಆರು ಪಾವಿನ ಒಂದು ಲಾದಿ. ಉಪ್ಪಿರುವ ಬೆಣ್ಣೆ 100 ಗ್ರಾಂ, ಜವಾರಿ ಬೆಳ್ಳುಳ್ಳಿ ಒಂದು ಗಡ್ಡೆ, ಕೊತ್ತಂಬರಿ ಒಂದು ಹಿಡಿ, ಕೆಂಪು ಖಾರ ಅರ್ಧ ಚಮಚ. ಖಾರ ಮಗಳ ಸೇರ್ಪಡೆ. ಬೆಳ್ಳುಳ್ಳಿಯನ್ನು ಹೆಚ್ಚುವುದಿಲ್ಲ, ಒಳಕಲ್ಲಿನಲ್ಲಿ ಬೆಣ್ಣೆಯಂತೆ ಅರೆಯುತ್ತೇವೆ. ಚೂರು ಮೇಲೆ ನಿಂತರೆ ತಾನೇ ಸುಡೋದು? ಮನೆಯಲ್ಲಿ ಕಡೆದ ಬೆಣ್ಣೆಯನ್ನೂ ಒಂದು ಸಲ ಹಾಕಿದೆವು. ರುಚಿ ಏನೋ ಬೇರೆಯೇ, ಆದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ, ಪಾವು ಒದ್ದೆಯಾಯಿತು. ಅಂಗಡಿಯ ಟೇಬಲ್ ಬಟರಿನಲ್ಲಿ ಕೊಬ್ಬು 80 ಭಾಗಕ್ಕೆ ಕಡಿಮೆ ಇರುವಂತಿಲ್ಲ, ನೀರು 16ಕ್ಕಿಂತ ಜಾಸ್ತಿ ಇರುವಂತಿಲ್ಲ. ಗರಿಗರಿ ಬೇಕಾದರೆ ಅದೇ ಸರಿ.

ಪಾವನ್ನು ಮೇಲಿನಿಂದ ಎರಡು ಕಡೆ ಸೀಳಬೇಕು, ತಳ ಹರಿಯಬಾರದು. ಸೀಳಿಗೆ ಬೆಣ್ಣೆ ಸವರಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿ ಮೂರು ಗಂಟೆ. ಕಲ್ಲಾದ ಮೇಲೆ ಚೀಲಕ್ಕೆ ಹಾಕಿ ಗಾಳಿ ಒತ್ತಿ ತೆಗೆದು ಕಟ್ಟಬೇಕು. ಬಿಡಿಯಾಗಿ ಹೆಪ್ಪುಗಟ್ಟಿಸಿದ್ದರಿಂದ ಬೇಕಾದಾಗ ಒಂದೊಂದೇ ತೆಗೆಯಬಹುದು. ಉಳಿದ ಬೆಳ್ಳುಳ್ಳಿ ಬೆಣ್ಣೆಯನ್ನೂ ಫ್ರೀಜರಿಗೇ ಹಾಕಿ, ಕಟ್ಟೆಯ ಮೇಲೆ ಬಿಡಬೇಡಿ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆ, ಬೆಣ್ಣೆಯೊಳಗೆ ಮುಚ್ಚಿ ಹೊರಗೆ ಇಟ್ಟರೆ ಗಾಳಿ ತಾಗದ ಆ ಜಾಗದಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ವಿಷ ಹುಟ್ಟಬಹುದು. ವಾಸನೆಯಿಂದ ಗೊತ್ತಾಗಲ್ಲ. ಇದೊಂದು ವಿಷಯದಲ್ಲಿ ನಾನು ತಮಾಷೆ ಮಾಡಲ್ಲ.

ಪಾವು ಬ್ರೆಡ್ಡಿಗಿಂತ ಹಗುರ, ಒಳಗೆ ಮಂಜೂ ಕಡಿಮೆ. ನೋಟ್‌ಬುಕ್ಕಿನಲ್ಲಿ ಕೊನೆಗೆ ನಿಂತ ಲೆಕ್ಕ ಇದು: 150ರಲ್ಲಿ ಫಾಯಿಲ್ ಹೊದಿಸಿ 5 ನಿಮಿಷ, 180ರಲ್ಲಿ ಬಿಚ್ಚಿ 2 ನಿಮಿಷ, ವೋಲ್ಟೇಜ್ 220ರ ಆಸುಪಾಸು. ನಾಲ್ಕಕ್ಕಿಂತ ಜಾಸ್ತಿ ಪಾವು ತುಂಬಬಾರದು, ಪಕ್ಕದಲ್ಲಿ ಗಾಳಿ ಇಳಿಯಲು ಜಾಗ ಬೇಕು. ಮಗಳಿಗೆ ಚೀಸ್ ಬೇಕಂತೆ. ತುರಿದ ಚೀಸ್ ಹಾಕಿದರೆ ಫ್ಯಾನಿಗೆ ಹಾರುತ್ತದೆ, ಸೀಳಿನೊಳಗೆ ತುರುಕಿದರೆ ಹಾರಲ್ಲ.

ಮಗಳು ನಿನ್ನೆ ಹಾಸ್ಟೆಲಿಗೆ ಹೋದಳು. ಫ್ರೀಜರಿನಲ್ಲಿ ಇನ್ನೂ ಎಂಟು ಪಾವು ಇವೆ. ಈಗ ಸಂಜೆ ಏಳೂವರೆ, ಸ್ಟೆಬಿಲೈಸರ್ 192 ತೋರಿಸುತ್ತಿದೆ. ಅವ್ವ ಜಾಲರಿಯ ಕೆಳಗಿಡಲು ಹೋಳು ಕತ್ತರಿಸಿ ಆಗಲೇ ತಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಎರಡಲ್ಲ, ನಾಲ್ಕು. ಒಂಬತ್ತೂವರೆವರೆಗೆ ತಡಿ ಅಂದರೆ ಕೇಳುತ್ತಿಲ್ಲ.